ಮಳೆಗಾಲದಲ್ಲಿ ಕುಂಡದ ನೀರು ಎಲ್ಲಿಗೆ ಹೋಗಬೇಕು

ಜುಲೈ ಮೊದಲ ಭಾನುವಾರ ಬನಶಂಕರಿಯಲ್ಲಿ ನಮ್ಮ ಮನೆ ಹತ್ತಿರದ ಗ್ರಂಥಾಲಯದ ಮಹಡಿಯಲ್ಲಿ ಮಳೆಗಾಲದ ತಾರಸಿ ತೋಟದ ಬಗ್ಗೆ ನಾನು ಆಡಿದ ಮಾತುಗಳಿವು. ಅವತ್ತು ಬರೋಕೆ ಆಗದವರು, ಬಂದರೂ ಹಿಂದೆ ಕೂತು ಏನೂ ಕೇಳಿಸದವರು (ಮೈಕ್ ಕೈಕೊಟ್ಟಿತ್ತು) ಬರೆದು ಕೊಡಿ ಅಂದರು. ನೆನಪಿದ್ದಷ್ಟು ಬರೆದಿದ್ದೇನೆ. ಅವತ್ತು ಹೇಳಲು ಮರೆತದ್ದನ್ನೂ ಅಲ್ಲಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಕೃಷಿ ಓದಿದವಳಲ್ಲ, ಲೆಕ್ಕ ಬರೆಯುವ ಕೆಲಸದವಳು. ಊರು ತೀರ್ಥಹಳ್ಳಿ ಕಡೆ. ಬೆಂಗಳೂರಿಗೆ ಬಂದು 22 ವರ್ಷ ಆಯಿತು. ಬಾಡಿಗೆ ಮನೆಯ ತಾರಸಿಯಲ್ಲಿ ಒಂದು 60 ಗಿಡದ ಜಾಗ ಇದೆ. ಅರ್ಧ ಗ್ರೋ ಬ್ಯಾಗು, ಉಳಿದದ್ದು ಒಡೆದ ಬಕೆಟ್ಟು, ಪೇಂಟ್ ಡಬ್ಬ, ಯಾರೋ ಬಿಸಾಡಿದ ಬಾತ್ ಟಬ್ಬು. ಇಷ್ಟೇ ನನ್ನ ಅರ್ಹತೆ.

ಮೊದಲ ಮಳೆಗಾಲದಲ್ಲಿ ನನಗೆ ತುಂಬಾ ಧಿಮಾಕು ಇತ್ತು. ಮಲೆನಾಡಿನವಳಿಗೆ ಮಳೆ ಬಗ್ಗೆ ಯಾರು ಹೇಳಿಕೊಡಬೇಕು ಅಂತ. ಆಗಸ್ಟ್ ಹೊತ್ತಿಗೆ 11 ಟೊಮೆಟೊ ಗಿಡ ಒಂದೇ ವಾರದಲ್ಲಿ ಎಲೆ ಜೋತುಹಾಕಿದವು. ಬಿಸಿಲಿಗೆ ಬಾಡಿದ ಹಾಗೇ ಕಾಣುತ್ತಿತ್ತು. ಪಾಪ ಬಾಯಾರಿಕೆ ಅಂತ ನಾನು ಎರಡೆರಡು ಮಗ್ ನೀರು ಹೊಯ್ದೆ! ಮಾರನೇ ದಿನ ಇನ್ನೂ ಜೋತುಬಿದ್ದವು. ಒಂದನ್ನು ಕಿತ್ತು ನೋಡಿದೆ. ಬೇರು ಬೆಳ್ಳಗಿರಬೇಕಿತ್ತು, ಚಹಾ ಬಣ್ಣ ಆಗಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಒದ್ದೆ ಕಾಗದದ ಹಾಗೆ ಜಾರಿ ಕೈಗೆ ಬಂತು, ಒಳಗೆ ಒಂದು ತೆಳು ದಾರ ಮಾತ್ರ ಉಳಿಯಿತು. ವಾಸನೆ ಚರಂಡಿಯದ್ದು. ಗಿಡ ನೀರಿನಲ್ಲೇ ನಿಂತು ನೀರಿಲ್ಲದೆ ಸತ್ತಿತ್ತು.

ಯಾಕೆ ಅಂದರೆ ಬೇರಿಗೂ ಉಸಿರು ಬೇಕು. ಮಣ್ಣಿನ ಕಣಗಳ ನಡುವೆ ಸಣ್ಣ ಸಣ್ಣ ಸಂದಿ ಇರುತ್ತವೆ, ಅದರಲ್ಲಿ ಗಾಳಿ ಇರುತ್ತದೆ. ಮಳೆ ಬಿದ್ದು ಆ ಸಂದಿಯೆಲ್ಲ ನೀರು ತುಂಬಿ ಎರಡು ಮೂರು ದಿನ ಹಾಗೇ ನಿಂತರೆ ಬೇರು ಉಸಿರುಕಟ್ಟುತ್ತದೆ, ಕೆಲಸ ನಿಲ್ಲಿಸುತ್ತದೆ, ಮೇಲಕ್ಕೆ ನೀರು ಕಳಿಸುವುದಿಲ್ಲ. ಅದಕ್ಕೇ ಎಲೆ ಬಾಡುವುದು. ಹಾಗೆ ಸುಸ್ತಾದ ಬೇರಿಗೆ ಆಮೇಲೆ ಕೊಳೆ ಹತ್ತುತ್ತದೆ. ಮಳೆಗಾಲದಲ್ಲಿ ಬಾಡಿದ ಗಿಡ ಕಂಡರೆ ಮಗ್ ಮುಟ್ಟಬೇಡಿ. ಮೊದಲು ಬೆರಳನ್ನು ಮಣ್ಣಿಗೆ ಎರಡು ಇಂಚು ಇಳಿಸಿ ನೋಡಿ.

ಆ ವರ್ಷ ಊರಿಗೆ ಹೋದಾಗ ಅಜ್ಜಿಗೆ ಹೇಳಿದೆ. ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ನೀರು ಹೋಗೂಕೆ ದಾರಿ ಎಲ್ ಮಾಡಿದ್ಯೇ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಕಡೆ ಹಿತ್ತಲಲ್ಲಿ ಬೇಸಿಗೆಗೆ ಗುಂಡಿ ಮಾಡಿ ನೆಡುತ್ತಾರೆ, ಮಳೆಗಾಲಕ್ಕೆ ಏರುಮಡಿ ಮಾಡಿ ನೆಡುತ್ತಾರೆ. ಮಡಿ ಪಕ್ಕ ಬಸಿಗಾಲುವೆ, ಮೇಲೆ ದರಗು, ಅಂದರೆ ಒಣ ಎಲೆ. ದೊಡ್ಡ ಹನಿ ನೇರ ಮಣ್ಣಿಗೆ ಹೊಡೆಯಬಾರದು, ಮಣ್ಣು ಎಲೆ ಮೇಲೆ ಸಿಡಿಯಬಾರದು ಅಂತ. ಆಗುಂಬೆ ಸುತ್ತ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಅಲ್ಲಿ ಬದುಕುವವರು ಆಷಾಢದಲ್ಲಿ ಟೊಮೆಟೊ ಬೆಳೆಯೋಕೆ ಹೋಗುವುದೂ ಇಲ್ಲ ಬಿಡಿ. ಕೆಸು ತಿನ್ನುತ್ತಾರೆ, ಕಳಲೆ ತಿನ್ನುತ್ತಾರೆ, ಬೇಸಿಗೆಯಲ್ಲಿ ಬೆಳೆದು ಬಾಳೆನಾರಲ್ಲಿ ಕಟ್ಟಿ ಮಾಡಿಗೆ, ಅಂದರೆ ಸೂರಿಗೆ, ನೇತುಹಾಕಿದ ಮೊಗೆಕಾಯಿ (ಸಾಂಬಾರು ಸೌತೆ) ಇಳಿಸುತ್ತಾರೆ. ನಾನು ಊರಿನ ಅಷ್ಟು ಬುದ್ಧಿಯನ್ನೂ ಬಸ್ಸಿನಲ್ಲೇ ಬಿಟ್ಟು ಬೆಂಗಳೂರಿಗೆ ಬಂದಿದ್ದೆ.

ಬೆಂಗಳೂರಿನ ಮಳೆ ಬೇರೆ ಥರ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಾವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದೇವೆ. ಅದಕ್ಕೇ ಜುಲೈನಲ್ಲಿ ಹಗಲು 28 ಡಿಗ್ರಿ ಆಸುಪಾಸು, ರಾತ್ರಿ 20. ತರಕಾರಿಗೆ ಇದು ಹಬ್ಬ. ಮುಂಗಾರಿನ ಮೋಡ ಘಟ್ಟದ ಆಚೆ ಬಹುಪಾಲು ಸುರಿದು ಮುಗಿಸಿ ನಮಗೆ ಜೂನ್, ಜುಲೈನಲ್ಲಿ ಜಿಟಿಜಿಟಿ ಮಾತ್ರ ಕೊಡುತ್ತದೆ. ನಿಜವಾದ ಹೊಡೆತ ಆಮೇಲೆ, ಆಗಸ್ಟ್ ಕೊನೆಯಿಂದ ಅಕ್ಟೋಬರ್ ತನಕ, ಅದೂ ಸಂಜೆ ಅಥವಾ ರಾತ್ರಿ. ವರ್ಷದ ಮಳೆ ಹೆಚ್ಚುಕಮ್ಮಿ 1000 ಮಿಲಿಮೀಟರ್ ಹತ್ತಿರ. ಲಂಡನ್ನಿನದು ಸುಮಾರು 600. ಹೌದು, ಸದಾ ಕೊಡೆ ಹಿಡಿದು ಓಡಾಡುವ ಆ ಊರಿಗಿಂತ ನಮಗೇ ಜಾಸ್ತಿ! ಆದರೆ ಅವರದು ವರ್ಷವಿಡೀ ಸೋನೆ, ನಮ್ಮದು ಕೆಲವೇ ರಾತ್ರಿಗಳಲ್ಲಿ ಧೋ ಅಂತ. ಅಲ್ಲಿನ ವಿಡಿಯೊ ನೋಡಿ ಇಲ್ಲಿ ತೋಟ ಮಾಡಿದರೆ ಎಡವಟ್ಟಾಗುವುದು ಇಲ್ಲೇ.

ಒಂದು ಲೆಕ್ಕ ಹೇಳ್ತೀನಿ, ಲೆಕ್ಕದವಳಲ್ವಾ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 2022ರ ಸೆಪ್ಟೆಂಬರ್ 4ರ ರಾತ್ರಿ ನಿಮಗೆಲ್ಲ ನೆನಪಿರಬೇಕು, ಹೊರವರ್ತುಲ ರಸ್ತೆಯಲ್ಲಿ ಟ್ರ್ಯಾಕ್ಟರ್ ಹತ್ತಿ ಜನ ಆಫೀಸಿಗೆ ಹೋದ ಆ ವಾರ. ಆ ರಾತ್ರಿ ನಗರದಲ್ಲಿ 130 ಮಿಲಿಮೀಟರ್ ಮೀರಿತ್ತು. ಅಂದರೆ ಒಂದಡಿ ಉದ್ದ ಒಂದಡಿ ಅಗಲದ ಒಂದು ಚೀಲಕ್ಕೆ 12 ಲೀಟರ್ ನೀರು, ಒಂದೇ ರಾತ್ರಿ. ಬೇಸಿಗೆಯಲ್ಲಿ ನೀವು ಅದಕ್ಕೆ ದಿನಕ್ಕೆ ಒಂದು ಲೀಟರ್ ಹಾಕುತ್ತಿದ್ದಿರಿ. ಹನ್ನೆರಡು ದಿನದ ನೀರನ್ನು ಒಟ್ಟಿಗೆ ಕುಡಿಸಿ ತಟ್ಟೆಯ ಮೇಲೆ ಕೂರಿಸಿದರೆ ಗಿಡ ಏನು ಮಾಡಬೇಕು?

ಈಗ ಈ ಸ್ಪಂಜು ನೋಡಿ. ಪಾತ್ರೆ ತೊಳೆಯುವ ಸ್ಪಂಜು, ಹೊಸದು. (ಇಲ್ಲಿ ನಾನು ಚೀಲದಿಂದ ಸ್ಪಂಜು, ಒಂದು ಪಾತ್ರೆ ನೀರು ತೆಗೆದಾಗ ಮುಂದೆ ಕೂತ ಒಬ್ಬ ಹುಡುಗಿ ನಕ್ಕಳು. ಬೀಜ ತಂದಿರ್ತಾರೆ ಅಂದುಕೊಂಡಿದ್ದಳಂತೆ.) ಇದನ್ನು ನೀರಲ್ಲಿ ಪೂರ್ತಿ ಅದ್ದಿ, ಮಟ್ಟಸವಾಗಿ ಮಲಗಿಸಿ ಹಿಡಿಯುತ್ತೇನೆ. ತೊಟ್ಟಿಕ್ಕುತ್ತದೆ... ತೊಟ್ಟಿಕ್ಕುತ್ತದೆ... ನಿಂತಿತು. ಹಿಂಡುವುದಿಲ್ಲ. ಸುಮ್ನೆ ಉದ್ದಕ್ಕೆ ನಿಲ್ಲಿಸಿ ಹಿಡಿಯುತ್ತೇನೆ. ನೋಡಿ, ಮತ್ತೆ ಸುರಿಯುತ್ತಿದೆ! ಅದೇ ಸ್ಪಂಜು, ಅದೇ ನೀರು. ಮಲಗಿದಾಗ ಹಿಡಿದಿಟ್ಟುಕೊಂಡ ನೀರನ್ನು ನಿಂತಾಗ ಬಿಟ್ಟುಕೊಟ್ಟಿತು.

ಕುಂಡದ ಮಣ್ಣೂ ಹೀಗೇ. ಎಷ್ಟೇ ತೂತು ಮಾಡಿ, ಬುಡದಲ್ಲಿ ಕೆಲವು ಇಂಚು ಮಣ್ಣು ನೀರನ್ನು ಬಿಡದೆ ಹಿಡಿದುಕೊಂಡೇ ಇರುತ್ತದೆ. ಅಗಲವಾಗಿ ಗಿಡ್ಡ ಇರುವ ಟಬ್ಬಿನಲ್ಲಿ ಆ ಕೆಸರಿನ ಪದರವೇ ಅರ್ಧ ಟಬ್ಬು. ಎತ್ತರದ ಕುಂಡದಲ್ಲಿ ಅದು ಕೆಳಗೆ ಉಳಿಯುತ್ತದೆ, ಮೇಲೆ ಬೇರಿಗೆ ಉಸಿರಾಡೋ ಜಾಗ ಸಿಗುತ್ತದೆ. ಮಳೆಗಾಲಕ್ಕೆ ಆಳ ಇರುವ ಕುಂಡ ಒಳ್ಳೇದು ಅನ್ನುವುದು ಇದಕ್ಕೆ.

ಇದರ ಜೊತೆಗೇ ಇನ್ನೊಂದು. ಕುಂಡದ ಬುಡಕ್ಕೆ ಜಲ್ಲಿಕಲ್ಲು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತೆ ಅಂತ ನಾವೆಲ್ಲ ಹಾಕುತ್ತೇವೆ ಅಲ್ವಾ? ನಾನೂ ವರ್ಷಗಟ್ಟಲೆ ಹಾಕಿದೆ, ಮೂರು ಮಹಡಿ ಹೊತ್ತು. ನೀರು ಸಣ್ಣ ಸಂದಿಯ ಮಣ್ಣಿನಿಂದ ದೊಡ್ಡ ಸಂದಿಯ ಕಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದು ತುಂಬಿದ ಮೇಲೇ ಇಳಿಯುತ್ತದೆ. ಅಂದರೆ ಕೆಸರಿನ ಪದರವನ್ನು ಕಲ್ಲು ಮೂರಿಂಚು ಮೇಲಕ್ಕೆ, ಬೇರಿನ ಹತ್ತಿರಕ್ಕೇ ಎತ್ತಿ ಇಡುತ್ತದೆ. ತೂತಿನಲ್ಲಿ ಮಣ್ಣು ಸೋರಬಾರದು ಅಂದರೆ ಒಂದು ಹೆಂಚಿನ ಚೂರು ಅಥವಾ ತೆಂಗಿನ ನಾರು ಸಾಕು. ಕಲ್ಲು ಬೇಡ. ತಾರಸಿಗೂ ಅದು ಸುಮ್ನೆ ಭಾರ.

ಮಣ್ಣಿನ ಹದ ಹೇಳಿಬಿಡ್ತೀನಿ. ಬೇಸಿಗೆಗೆ ಕೆಂಪು ಮಣ್ಣು, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಗೊಬ್ಬರ ಸಮಸಮ. ಮಳೆಗಾಲಕ್ಕೆ ಕೊಕೊಪೀಟ್ ಅರ್ಧಕ್ಕೆ ಇಳಿಸಿ, ಆ ಜಾಗಕ್ಕೆ ಭತ್ತದ ಹೊಟ್ಟು, ಇದ್ದಿಲ ಚೂರು ಸೇರಿಸುತ್ತೇನೆ. ಕೊಕೊಪೀಟ್ ತನ್ನ ತೂಕದ ಎಷ್ಟೋ ಪಟ್ಟು ನೀರು ಹಿಡಿಯುತ್ತದೆ. ಏಪ್ರಿಲ್‌ನಲ್ಲಿ ಅದು ಪುಣ್ಯಾತ್ಮ, ಸೆಪ್ಟೆಂಬರ್‌ನಲ್ಲಿ ಶನಿ. ಮಣ್ಣನ್ನು ಅಂಚಿನ ತನಕ, ನಡುವೆ ಸ್ವಲ್ಪ ಉಬ್ಬಿಸಿ ತುಂಬಿ. ಬೇಸಿಗೆಯಲ್ಲಿ ಅಂಚಿನಿಂದ ಎರಡಿಂಚು ಕೆಳಗೆ ಬಿಡುತ್ತೇವಲ್ಲ, ಅದೇ ಮಳೆಗಾಲದಲ್ಲಿ ಕೆರೆ. ಚೀಲದ ಬುಡದಲ್ಲಿ ಮಾತ್ರ ಅಲ್ಲ, ಪಕ್ಕದಲ್ಲೂ ಒಂದಿಂಚು ಮೇಲೆ ನಾಲ್ಕು ತೂತು ಮಾಡಿ. ಬುಡದ್ದು ನೆಲಕ್ಕೆ ಅಂಟಿ ಮುಚ್ಚಿಹೋಗುತ್ತದೆ. ಚೀಲವನ್ನು ಇಟ್ಟಿಗೆ ಮೇಲೋ ಸ್ಟ್ಯಾಂಡ್ ಮೇಲೋ ಇಡಿ. ಕೆಳಗಿನ ತಟ್ಟೆಗಳನ್ನೆಲ್ಲ ಜೂನ್‌ನಲ್ಲೇ ತೆಗೆದು ಒಳಗಿಡಿ. ಡೆಂಗಿ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರೋಕೆ ಒಂದು ವಾರ, ಹತ್ತು ದಿನ ಸಾಕು. ನಿಮ್ಮ ಬದನೆ ಗಿಡದ ತಟ್ಟೆ ಅದಕ್ಕೆ ಹೆರಿಗೆ ಆಸ್ಪತ್ರೆ.

ತಾರಸಿಯ ನೀರಿನ ಪೈಪಿನ ಬಾಯಿ. ಇದರ ಕಥೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಒಂದು ಸಲ ಮಣ್ಣಿಗೆ ಹೊದಿಕೆ ಅಂತ ಕಡಲೆಕಾಯಿ ಸಿಪ್ಪೆ ಹಾಕಿದ್ದೆ. ಬಸವನಗುಡಿ ಪರಿಷೆಯಲ್ಲಿ ತಿಂದು ತಿಂದು ಮೂಟೆ ಮಾಡಿಟ್ಟದ್ದು, ನೋಡೋಕೆ ಬಲು ಚೆಂದ. ಸೆಪ್ಟೆಂಬರ್‌ನ ಒಂದು ರಾತ್ರಿ ಮಳೆ ಹೊಯ್ದಾಗ ಸಿಪ್ಪೆಯೆಲ್ಲ ತೇಲಿ ಹೋಗಿ ಪೈಪಿನ ಬಾಯಿಗೆ ಬೆಣೆ ಹೊಡೆದ ಹಾಗೆ ಕೂತಿತು. ತಾರಸಿ ತುಂಬಿತು, ಮೆಟ್ಟಿಲ ಮೇಲೆ ಇಳಿಯಿತು, ಕೆಳಗೆ ಮನೆ ಓನರ್ ಅಡುಗೆಮನೆಗೆ ಹೋಯಿತು. ಬೆಳಿಗ್ಗೆ ಐದೂವರೆಗೆ ಅವರು ಬಾಗಿಲು ಬಡಿದಾಗ ಕೈಯಲ್ಲಿ ಒಂದು ಹಿಡಿ ಕಡಲೆಕಾಯಿ ಸಿಪ್ಪೆ ಇತ್ತು. "ಏನಮ್ಮಾ ಇದು?" ಅಂದರು, ಅಷ್ಟೇ. ಆ ತಿಂಗಳ ಬಾಡಿಗೆ ಎರಡು ದಿನ ಮೊದಲೇ ಕೊಟ್ಟೆ. ಈಗ ಪೈಪಿನ ಬಾಯಿಗೆ ಬುಟ್ಟಿಯಂಥ ಜಾಲರಿ ಬೋರಲು ಹಾಕಿದ್ದೇನೆ, ಮೋಡ ಕಟ್ಟಿದ ಸಂಜೆ ಮೇಲೆ ಹೋಗಿ ಕಸ ತೆಗೆಯುವುದು ನಿತ್ಯಕರ್ಮ. ಹೊದಿಕೆಗೆ ಒಣ ಎಲೆ, ಅದರ ಮೇಲೆ ತೆಂಗಿನ ಚಿಪ್ಪಿನ ಚೂರು.

ಬಿಸಿಲಿನ ವಿಷಯಕ್ಕೆ ಬರೋಣ. ಫ್ಲಾಟಿನವರು ಕಿವಿ ಕೊಟ್ಟು ಕೇಳಿ. ತರಕಾರಿಗೆ ದಕ್ಷಿಣದ ಬಾಲ್ಕನಿ ಬೇಕು ಅಂತ ಎಲ್ಲ ಕಡೆ ಓದಿರುತ್ತೀರಿ. ಅದು ಇಂಗ್ಲೆಂಡಿನ ಮಾತು, ಅಲ್ಲಿ ಸೂರ್ಯ ಯಾವಾಗಲೂ ದಕ್ಷಿಣಕ್ಕೇ. ನಮ್ಮದು 13 ಡಿಗ್ರಿ ಅಕ್ಷಾಂಶ. ಏಪ್ರಿಲ್ 24ರ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಗೆ ಬರುತ್ತಾನೆ, ಶೂನ್ಯ ನೆರಳಿನ ದಿನ ಅಂತ ಮಕ್ಕಳು ಬಾಟಲಿ ನಿಲ್ಲಿಸಿ ನೋಡುತ್ತಾರಲ್ಲ, ಅವತ್ತು. ಅಲ್ಲಿಂದ ಉತ್ತರಕ್ಕೆ ಸರಿದು ಆಗಸ್ಟ್ 18ರ ಸುಮಾರಿಗೆ ಮತ್ತೆ ನೆತ್ತಿಗೆ ವಾಪಸ್ ಬರುತ್ತಾನೆ. ಹಾಗಾಗಿ ಈ ನಡುವೆ, ಅಂದರೆ ಮುಂಗಾರಿನ ಅರ್ಧ ಭಾಗ, ಬೆಂಗಳೂರಿನಲ್ಲಿ ಮಧ್ಯಾಹ್ನದ ಬಿಸಿಲು ಬರುವುದು ಉತ್ತರದ ಬಾಲ್ಕನಿಗೆ! ದಕ್ಷಿಣದ ಬಾಲ್ಕನಿಗೆ ಮೇಲಿನ ಮನೆಯ ಸಜ್ಜೆಯ ನೆರಳು. ಸೆಪ್ಟೆಂಬರ್‌ನಿಂದ ಅದು ಉಲ್ಟಾ. ಜುಲೈನಲ್ಲಿ ದಕ್ಷಿಣದ ಬಾಲ್ಕನಿಯಲ್ಲಿ ಮೆಣಸಿನ ಗಿಡ ಕಡ್ಡಿ ಥರ ಉದ್ದ ಬೆಳೆಯುತ್ತಿದೆ ಅಂದರೆ ಗೊಬ್ಬರದ ತಪ್ಪಲ್ಲ. ಎತ್ತಿ ಆ ಕಡೆ ಇಡಿ, ದಸರಾ ಹೊತ್ತಿಗೆ ಈ ಕಡೆ ತನ್ನಿ. ಅದೂ ಅಲ್ಲದೆ ಜುಲೈನಲ್ಲಿ ಮೋಡ ಜಾಸ್ತಿ. ಇರೋ ಬೆಳಕು ಮೂರು ನಾಲ್ಕು ಗಂಟೆ ಅಂದರೆ ಸೊಪ್ಪು ಬೆಳೆಯಿರಿ. ಕಾಯಿ ಬಿಡುವ ಗಿಡಕ್ಕೆ ಆರು ಗಂಟೆಯಾದರೂ ಬೇಕು.

ಯಾವಾಗ ಏನು ಹಾಕಬೇಕು ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಮನೆಯಲ್ಲಿ ಮಳೆ ನಕ್ಷತ್ರದ ಲೆಕ್ಕ, ಒಂದೊಂದು ಸುಮಾರು 14 ದಿನ. ಆರಿದ್ರೆ ಬಂದರೆ ದರಿದ್ರ ಹೋಗುತ್ತೆ ಅಂತಾರಲ್ಲ, ಆ ಜೂನ್ ಕೊನೆಯಿಂದ ಜುಲೈ ಪೂರ್ತಿ ಬೆಂಗಳೂರಲ್ಲಿ ಸೊಪ್ಪಿನ ಕಾಲ. ದಂಟು, ಪಾಲಕ್, ಮೆಂತ್ಯ, ಮೂಲಂಗಿ. ಮೆಂತ್ಯ 25 ದಿನಕ್ಕೆ ಸಾರಿಗೆ ಬರುತ್ತದೆ, ಮೂಲಂಗಿ 45ಕ್ಕೆ. ಬಸಳೆ, ಕೆಸು, ಒಂದೆಲಗ ಇವು ಒದ್ದೆಯಲ್ಲೇ ಹುಟ್ಟಿದವು, ನೀವು ಮರೆತರೂ ಬದುಕುತ್ತವೆ. ತೂತೇ ಇಲ್ಲದ ನನ್ನ ಬಾತ್ ಟಬ್ಬಿನಲ್ಲಿ ಕೆಸು ಇದೆ, ನೆಮ್ಮದಿಯಾಗಿದೆ. ಎಲೆಕೋಸು, ಹೂಕೋಸು, ನವಿಲುಕೋಸಿನ ಸಸಿಯನ್ನು ಆಗಸ್ಟ್‌ನಲ್ಲಿ ಸೂರಿನ ಕೆಳಗೆ ಟ್ರೇಯಲ್ಲಿ ಮಾಡಿಕೊಂಡು, ಸೆಪ್ಟೆಂಬರ್ ಕೊನೆಗೆ, ಜೋರು ಮಳೆ ಸ್ವಲ್ಪ ತಗ್ಗಿದಾಗ ಚೀಲಕ್ಕೆ ಹಾಕಿದರೆ ಚಳಿಗಾಲಕ್ಕೆ ಸರಿಯಾಗಿ ಗಡ್ಡೆ ಕಟ್ಟುತ್ತವೆ. ಬಟಾಣಿ, ಕ್ಯಾರೆಟ್ ಅಕ್ಟೋಬರ್‌ಗೆ. ಹುರುಳಿಕಾಯಿ ಬೀಜ ಮಾತ್ರ ನೆನೆಹಾಕಬೇಡಿ, ಎರಡು ದಿನ ಮಳೆ ಬಿಟ್ಟು ಹೊಳವಾದಾಗ ಒಣ ಬೀಜವನ್ನೇ ಊರಿ. ನೆನೆದ ಮಣ್ಣಿನಲ್ಲಿ ನೆನೆದ ಬೀಜ ಮೊಳೆಯುವ ಮುಂಚೆ ಕೊಳೆಯುತ್ತದೆ.

ಸೀಮೆಬದನೆ ಬಗ್ಗೆ ಒಂದು ಮಾತು, ಯಾಕೆ ಅಂದರೆ ಅದು ನಮ್ಮೂರ ಮಗು ಅಂತ ನನಗೆ ಅಭಿಮಾನ. ಹುಟ್ಟಿದ್ದು ಮೆಕ್ಸಿಕೊ ಕಡೆ. ಜಾನ್ ಕ್ಯಾಮರಾನ್ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ಅಂದರೆ 1874ರಿಂದ 1908ರ ನಡುವೆ, ಇಲ್ಲಿಗೆ ಬಂದ ಹೊರದೇಶದ ಗಿಡಗಳಲ್ಲಿ ಇದೂ ಒಂದು. ನಾವು ಸೀಮೆಯಿಂದ ಬಂದದ್ದು ಅಂತ ಸೀಮೆಬದನೆ ಅಂದೆವು, ಸೀಮೆಎಣ್ಣೆ ಸೀಮೆಸುಣ್ಣದ ಹಾಗೆ. ತಮಿಳಿನವರು ಮಾತ್ರ ಬೆಂಗಳೂರು ಕತ್ತರಿಕಾಯಿ ಅಂದರು, ತೆಲುಗಿನವರು ಬೆಂಗಳೂರು ವಂಕಾಯ! ತಂಪು, ಮೋಡ, ಜಿಟಿಜಿಟಿ ಅದಕ್ಕೆ ಇಷ್ಟ. ಅಂಗಡಿಯಲ್ಲಿ ಬಲಿತ ಕಾಯಿ ತಂದು ಅಡುಗೆಮನೆ ಮೂಲೆಯಲ್ಲಿ ಮರೆತುಬಿಡಿ, ಅದೇ ಮೊಳಕೆ ಬಿಡುತ್ತದೆ. ಇಡೀ ಕಾಯನ್ನು ಅಡ್ಡ ಮಲಗಿಸಿ ಅರ್ಧ ಮಾತ್ರ ಮಣ್ಣಿಗೆ ಸೇರಿಸಿ, ಮಳೆಯಲ್ಲಿ ಪೂರ್ತಿ ಹೂತರೆ ಕೊಳೆಯುತ್ತದೆ. ದೊಡ್ಡ ಡ್ರಮ್ಮು ಬೇಕು, ಗಟ್ಟಿ ಚಪ್ಪರ ಬೇಕು. ಬಟ್ಟೆ ಒಣಹಾಕುವ ತಂತಿಗೆ ಹಬ್ಬಿಸಬೇಡಿ, ನಮ್ಮ ಮನೆಯಲ್ಲಿ ಜಗಳ ಆಗಿದೆ.

ಇನ್ನು ರೋಗ. ಎಲ್ಲ ರೋಗದ ಹೆಸರು ಹೇಳಿ ಹೆದರಿಸುವುದಿಲ್ಲ, ಒಂದೇ ಹೇಳ್ತೀನಿ. ಟೊಮೆಟೊ, ಆಲೂಗಡ್ಡೆಗೆ ಬರುವ ಅಂಗಮಾರಿ. ತಂಪಿದ್ದು, ಎಲೆ ಗಂಟೆಗಟ್ಟಲೆ ಒದ್ದೆಯಾಗೇ ಇದ್ದರೆ ಬರುತ್ತದೆ. ಎಲೆ ಅಂಚಿನಲ್ಲಿ ಬಿಸಿನೀರು ಬಿದ್ದ ಹಾಗೆ ಕಪ್ಪು ಮಚ್ಚೆ, ಬೆಳಿಗ್ಗೆ ಎಲೆ ತಿರುಗಿಸಿದರೆ ಮಚ್ಚೆಯ ಸುತ್ತ ಬಿಳಿ ಬೂಷ್ಟು. ನಾಲ್ಕೈದು ದಿನದಲ್ಲಿ ಗಿಡ ಸುಟ್ಟ ಹಾಗೆ ಆಗುತ್ತದೆ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಯನ್ನು ಹೊಲ ಹೊಲವೇ ತಿಂದು, ಸುಮಾರು 10 ಲಕ್ಷ ಜನ ಸಾಯುವುದಕ್ಕೆ ಕಾರಣ ಆದದ್ದು ಇದೇ. ತಂಪು ಮಳೆಯ ಊರುಗಳ ಶಾಪ ಅಂದರೆ ಇದು.

ಇದರ ಹತ್ತಿರದ ನೆಂಟನೇ ನಮ್ಮ ಅಡಿಕೆಯ ಕೊಳೆರೋಗ. ಮೈಸೂರು ಸಂಸ್ಥಾನದ ಮೊದಲ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅನ್ನುವವರು ನೂರು ವರ್ಷಕ್ಕೂ ಹಿಂದೆ ಮಲೆನಾಡಿನ ತೋಟ ಸುತ್ತಿ ಅದನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿದ ನೀರು, ಹೊಡೆಯುವುದನ್ನು ರೂಢಿಗೆ ತಂದರು. ಇವತ್ತಿಗೂ ಜೂನ್ ಬಂತು ಅಂದರೆ ನಮ್ಮೂರಲ್ಲಿ ಮೈಲುತುತ್ತದ ನೀಲಿ ಬಕೆಟ್ಟು, ಮರದ ಮೇಲೆ ಕೊನೆಗಾರ, ಅಂದರೆ ಅಡಿಕೆ ಮರ ಹತ್ತುವವನು. ಒಂದು ಸ್ವಾರಸ್ಯ ಗೊತ್ತಾ? ಕಾಫಿ ಗಿಡದ ಕೊಳೆಗೆ ಕಾರಣವಾದ ಶಿಲೀಂಧ್ರಕ್ಕೆ 19ನೇ ಶತಮಾನದಲ್ಲಿ ಇಂಗ್ಲಿಷ್ ವಿಜ್ಞಾನಿ ಇಟ್ಟ ಲ್ಯಾಟಿನ್ ಹೆಸರು ಪೆಲ್ಲಿಕ್ಯುಲೇರಿಯಾ ಕೊಳೆರೋಗ. ನಮ್ಮ ತೋಟದ ಆಳುಗಳ ಮಾತು ಹಾಗೇ ಶಾಸ್ತ್ರಕ್ಕೆ ಹೋಗಿ ಕೂತಿದೆ. ಕನ್ನಡದ ಪದವೊಂದು ಲೋಕಪ್ರಸಿದ್ಧ ಆದದ್ದು ಕೊಳೆಯ ಕಾರಣಕ್ಕೆ ಅನ್ನುವುದು ಸ್ವಲ್ಪ ಬೇಜಾರು.

ತಾರಸಿಯಲ್ಲಿ ಬೋರ್ಡೋ ಬೇಕಾ? ನಾನು ಟೊಮೆಟೊಗೆ ಮಾತ್ರ, ಹೂ ಬರುವ ಮುಂಚೆ ಒಂದು ಸಲ ಹೊಡೆದದ್ದುಂಟು. ಸೊಪ್ಪಿಗೆ ಎಂದೂ ಇಲ್ಲ. ಒಂದು ಲೀಟರ್ ದ್ರಾವಣಕ್ಕೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ. ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅರ್ಧರ್ಧ ಲೀಟರ್ ನೀರಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಬೇಕು. ಆಮೇಲೆ ಅಪ್ಪ ಮಾಡುತ್ತಿದ್ದ ಪರೀಕ್ಷೆ: ಹಳೇ ಕಬ್ಬಿಣದ ಚಾಕು ಅದ್ದಿ ತೆಗೆಯುವುದು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಹೊಡೆದರೆ ಎಲೆ ಸುಡುತ್ತದೆ. ಇನ್ನೊಂದು ಚಿಟಿಕೆ ಸುಣ್ಣ. ಅಲಗು ಹೊಳೆಯುತ್ತಾ ಬಂದರೆ ಸರಿ. ಕೈಗೆ ಗವಸು, ಮೂಗಿಗೆ ಬಟ್ಟೆ ಇರಲಿ.

ಆದರೆ ಈಗೀಗ ನಾನು ಅದನ್ನೂ ಬಿಟ್ಟಿದ್ದೇನೆ. ಟೊಮೆಟೊ ಸಾಲಿನ ಮೇಲೆ ಓರೆಯಾಗಿ ಪಾರದರ್ಶಕ ಶೀಟು ಹಾಕಿ ಪಕ್ಕ ತೆರೆದಿಟ್ಟರೆ ಎಲೆ ನೆನೆಯುವುದೇ ಇಲ್ಲ. ಕೆಳಗಿನ ಒಂದಡಿ ಎಲೆ ಕಿತ್ತುಹಾಕಿ, ಗಾಳಿ ಆಡಲಿ. ತಳಿಯೂ ಮುಖ್ಯ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್‌ಗೆ ಎಲೆ ಮುದುರು, ಸೊರಗು, ಮೊದಲು ಬರುವ ಅಂಗಮಾರಿ ಈ ಮೂರನ್ನು ತಡೆಯುವ ಶಕ್ತಿ ಇದೆ. ಈಗ ಹೇಳಿದ ಐರ್ಲೆಂಡಿನ ಅಂಗಮಾರಿಯನ್ನೂ ತಡೆಯುವುದು ಬೇಕು ಅಂದರೆ ಅದರ ನಂತರದ ಅರ್ಕಾ ಅಭೇದ್ ಕೇಳಿ. ಎರಡೂ ಹೈಬ್ರಿಡ್, ಹಣ್ಣಿನ ಬೀಜ ಎತ್ತಿಟ್ಟು ಬಿತ್ತಿದರೆ ಅದೇ ಗುಣ ಬರುವುದಿಲ್ಲ.

ಗೊಬ್ಬರ ಬೇಗ ಮುಗಿಸ್ತೀನಿ. ಮಳೆ ಗೊಬ್ಬರ ತೊಳೆದುಕೊಂಡು ಹೋಗುತ್ತದೆ, ಅದಕ್ಕೇ ಸೆಪ್ಟೆಂಬರ್‌ನಲ್ಲಿ ಎಲೆ ಹಳದಿ. ಒಟ್ಟಿಗೆ ಸುರಿಯಬೇಡಿ, ಹತ್ತು ದಿನಕ್ಕೊಂದು ಹಿಡಿ ಎರೆಗೊಬ್ಬರ ಸಾಕು. ಕಡಲೆಕಾಯಿ ಹಿಂಡಿ ಮಳೆಯಲ್ಲಿ ಬೂಷ್ಟು ಹಿಡಿಯುತ್ತದೆ, ವಾಸನೆಗೆ ಹೆಗ್ಗಣ ಬರುತ್ತದೆ. ಹೀರೆ, ಹಾಗಲ, ಕುಂಬಳದ ಪಿಂದೆ ಹಳದಿಯಾಗಿ ಉದುರಿದರೆ ಅದೂ ಗೊಬ್ಬರದ ಕೊರತೆ ಅಲ್ಲ, ಮಳೆಗೆ ಜೇನು ಬಂದಿಲ್ಲ. ಗಂಡು ಹೂ ಕಿತ್ತು ಹೆಣ್ಣು ಹೂವಿನ ನಡುವೆ ನೀವೇ ಒರೆಸಿ. ಕುಂಬಳಕ್ಕೆ ಬೆಳಿಗ್ಗೆ, ಹೀರೆ ಸಂಜೆ ಅರಳುವುದು, ಅದಕ್ಕೆ ಸಂಜೆ.

ಪ್ರಶ್ನೆಗಳು ಶುರುವಾದದ್ದು ಬಸವನಹುಳುವಿನಿಂದ. ನಿರೀಕ್ಷೆ ಇತ್ತು. "ಮೂರನೇ ಮಹಡಿಗೆ ಅದು ಹೇಗೆ ಮೇಡಂ ಬರುತ್ತೆ?" ಗೋಡೆ ಹತ್ತಿಕೊಂಡು ಬರುತ್ತದೆ, ರಾತ್ರಿಯೆಲ್ಲ ಅದಕ್ಕೆ ಬೇರೆ ಕೆಲಸ ಇಲ್ಲ. ಬೆಂಗಳೂರಲ್ಲಿ ಈಗ ಕಾಟ ಕೊಡುವುದು ಅಂಗೈಯಷ್ಟು ದೊಡ್ಡ ಆಫ್ರಿಕನ್ ಬಸವನಹುಳು, ಒಂದು ಸಲಕ್ಕೆ 100ಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ. ಮೊಟ್ಟೆ ಸಿಪ್ಪೆ ಸುತ್ತ ಹಾಕಿದರೆ ದಾಟಲ್ವಂತೆ ಅಂತ ಒಬ್ಬರು ಹೇಳಿದರು. ನಾನು ಹಾಕಿ, ಟಾರ್ಚ್ ಹಿಡಿದು ಕೂತು ನೋಡಿದ್ದೇನೆ. ಸಿಪ್ಪೆಯ ಮೇಲೆ ನಿಧಾನವಾಗಿ, ಮದುವೆ ಮನೆಯ ಕಾರ್ಪೆಟ್ ಮೇಲೆ ಬೀಗರು ಬಂದ ಹಾಗೆ ಬಂತು. ಕೆಲಸ ಮಾಡುವುದು ಒದ್ದೆ ಗೋಣಿಚೀಲ, ಅದರಡಿ ಪಪ್ಪಾಯಿ ಸಿಪ್ಪೆ, ಎಲೆಕೋಸಿನ ಹೊರಗಿನ ಎಲೆ. ರಾತ್ರಿ ಒಂಬತ್ತಕ್ಕೆ ಎತ್ತಿದರೆ ಎಲ್ಲ ಅಲ್ಲೇ ಸಭೆ ಸೇರಿರುತ್ತವೆ. ಇಕ್ಕಳದಲ್ಲಿ ಹಿಡಿದು ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ. ಬರಿಗೈಲಿ ಮುಟ್ಟಬೇಡಿ, ಅದರಲ್ಲಿ ಮನುಷ್ಯರ ಮೆದುಳಿಗೆ ತೊಂದರೆ ಕೊಡುವ ಹುಳು ಇರಬಹುದು. ಅದು ಹರಿದಾಡಿದ ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಿಯೇ ತಿನ್ನಿ.

ಕೊತ್ತಂಬರಿ ಯಾಕೆ ಬರಲ್ಲ ಅಂತ ಮೂರು ಜನ ಕೇಳಿದರು. ಧನಿಯಾ ಕಾಳಿನಲ್ಲಿ ಎರಡು ಬೀಜ ಇರುತ್ತವೆ, ಚಪ್ಪಲಿಯಲ್ಲಿ ಮೆಲ್ಲಗೆ ಉಜ್ಜಿ ಎರಡು ಮಾಡಿ ಹಾಕಿ. ಹತ್ತು ದಿನ ಕಾಯಿರಿ, ನಾಲ್ಕನೇ ದಿನಕ್ಕೆ ಕೆದಕಬೇಡಿ. ಮಳೆ ನೇರ ಬೀಳದ ಕಡೆ ಇಡಿ. ಅಷ್ಟೇ.

ಒಬ್ಬ ಅಜ್ಜಿ ತಮ್ಮ ಗುಲಾಬಿ ಕುಂಡದಲ್ಲಿ ತಾನಾಗೇ ಎದ್ದ ಕಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದರು. ನೋಡಿದರೆ ಗಣಿಕೆ ಸೊಪ್ಪು, ಗೋಣಿ ಸೊಪ್ಪು, ಅಣ್ಣೆ ಸೊಪ್ಪು ಮೂರೂ ಇತ್ತು. "ಕೀಳ್ಬೇಕಾ ಮಗಾ?" ಅಂದರು. ಕೀಳಿ ಅಜ್ಜಿ, ಬೇಳೆ ಜೊತೆ ಮಸ್ಸಾರು ಮಾಡಿ ಅಂದೆ. "ಅದು ನಂಗೊತ್ತು, ಇವನಿಗೆ ಹೇಳು" ಅಂತ ಪಕ್ಕದಲ್ಲಿ ಕೂತ ಮಗನನ್ನು ತೋರಿಸಿದರು.

ಕೊನೆಯ ಪ್ರಶ್ನೆ ಹಿಂದೆ ಕೂತಿದ್ದ ಹಿರಿಯರದು. ಯುಗಾದಿ ಕಳೆದು ಅವರೆ ಹಾಕಿದ್ದರು. "ಬಳ್ಳಿ ಮಹಡಿ ತುಂಬಾ ಹಬ್ಬಿದೆಯಮ್ಮ, ಬರೀ ಎಲೆ. ಒಂದು ಹೂವಿಲ್ಲ. ಏನು ಗೊಬ್ಬರ ಹಾಕಲಿ?" ಏನೂ ಹಾಕಬೇಡಿ ಸರ್ ಅಂದೆ. ನಾಟಿ ಅವರೆ ಹೂ ಬಿಡುವುದು ಹಗಲು ಚಿಕ್ಕದಾದ ಮೇಲೆ. ಜೂನ್ ಕೊನೆಯಲ್ಲಿ ನಮ್ಮ ಹಗಲು ಹತ್ತಿರ ಹತ್ತಿರ 13 ಗಂಟೆ, ಡಿಸೆಂಬರ್‌ನಲ್ಲಿ 11 ಗಂಟೆ ಚಿಲ್ಲರೆ. ಬಳ್ಳಿ ಅದನ್ನು ಲೆಕ್ಕ ಇಡುತ್ತದೆ. ಏಪ್ರಿಲ್‌ನಲ್ಲಿ ಹಾಕಿದ್ದೂ ಜುಲೈನಲ್ಲಿ ಹಾಕಿದ್ದೂ ಒಟ್ಟಿಗೇ ಹೂ ಬಿಡುತ್ತವೆ, ಚಳಿ ಶುರುವಾಗುವ ಹೊತ್ತಿಗೆ. ಮೊದಲೇ ಹಾಕಿದರೆ ಎಲೆ ಜಾಸ್ತಿ ಅಷ್ಟೇ. ವರ್ಷವಿಡೀ ಬೇಕು ಅಂದರೆ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ಇದೆ, ಹೆಸರಘಟ್ಟದ ಅರ್ಕಾ ಜಯ್ ಇದೆ, ಅವಕ್ಕೆ ಹಗಲಿನ ಲೆಕ್ಕ ಇಲ್ಲ, ಕುಂಡದಲ್ಲೇ ಗಿಡ್ಡ ಬೆಳೆಯುತ್ತವೆ. ಆದರೆ ಸೊಗಡು...

"ಸೊಗಡಿಲ್ಲದ ಅವರೆ ಯಾವನಿಗೆ ಬೇಕಮ್ಮ, ಕಾಯ್ತೀನಿ ಬಿಡು" ಅಂದರು.

ಇನ್ನೂ ನಾಲ್ಕು ತಿಂಗಳು ಇದೆ, ಅಷ್ಟರಲ್ಲಿ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಎಲ್ಲ ಬಂದು ಹೋಗಬೇಕು. ಬಳ್ಳಿ ಯಾವುದರಲ್ಲಿದೆ ಅಂತ ಕೇಳಿದೆ. ದೊಡ್ಡ ಸಿಮೆಂಟ್ ಕುಂಡ ಅಂದರು. ಕೆಳಗೆ ತಟ್ಟೆ ಇದೆಯಾ?

"ಇದೆಯಲ್ಲ, ದೊಡ್ಡದು. ಯಾವಾಗ ನೋಡಿದರೂ ತುಂಬಿರುತ್ತೆ."

ಇವತ್ತೇ ತೆಗೀರಿ ಸರ್ ಅಂದೆ.